ಮೇಲೆ ಹೋಗಿ ಬರುವವರ ಪಿನ್ನು

ಮಚ್ಛೆಯ ಆ ವರ್ಕ್‌ಶಾಪಿನಲ್ಲಿ ನನ್ನ ಬೆನ್ನ ಹಿಂದೆ ನನಗೊಂದು ಅಡ್ಡಹೆಸರಿತ್ತು: 'ಇಲ್ಲಾಬಾಯಿ'. ತಯಾರಾದ ಬಿಡಿಭಾಗಗಳನ್ನು ಹತ್ತು ನಗ ತಂದಿಟ್ಟರೆ ಎರಡಕ್ಕಾದರೂ ನಾನು 'ಇಲ್ಲ' ಎನ್ನುತ್ತಿದ್ದೆ. ತಪಾಸಣೆಯ ಟೇಬಲ್ಲಿಗೆ ಕೂತ ಮೇಲೆ ದಾಕ್ಷಿಣ್ಯ ಎಂಥದು? ಡಿಪ್ಲೊಮಾ ಮುಗಿಸಿ ಸೇರಿದ ಹೊಸತರಲ್ಲಿ 'ಹುಡುಗಿಗೇನು ತಿಳಿದೀತು' ಎಂದು ನಕ್ಕವರು, ಆರು ತಿಂಗಳಲ್ಲಿ ನನ್ನ ಮುಂದಿಡುವ ಮೊದಲು ತಾವೇ ಎರಡೆರಡು ಸಲ ಅಳೆಯತೊಡಗಿದ್ದರು. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಆಗಷ್ಟೇ ಒಬ್ಬ ಸಿರಿವಂತ ರೊಕ್ಕ ಕೊಟ್ಟು ರಾಕೆಟ್ಟಿನಲ್ಲಿ ಕೂತು ಬಾಹ್ಯಾಕಾಶ ನೋಡಿ ಬಂದ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅದಾದ ಕೆಲವು ತಿಂಗಳಿಗೆ ನಮಗೊಂದು ಆರ್ಡರು ಬಂತು. ಹೊರದೇಶದ ಒಂದು ಸಣ್ಣ ಕಂಪನಿ ಅಂಥ ಪ್ರವಾಸಿಗಳಿಗಾಗಿಯೇ ಗಾಡಿ ಕಟ್ಟಲು ಹೊರಟಿತ್ತು. ಅದರ ಸೀಟಿನ ಬೆಲ್ಟನ್ನು ಹಿಡಿದಿಡುವ ಪಿನ್ನು ನಾವು ಮಾಡಬೇಕು. ಕಿರುಬೆರಳಿನಷ್ಟುದ್ದ, ಸುಲಭಕ್ಕೆ ತುಕ್ಕು ಹಿಡಿಯದ ಉಕ್ಕು, ಒಂದು ತುದಿಗೆ ಅಡ್ಡಲಾಗಿ ಸಣ್ಣ ತೂತು. ಮೊದಲು ನಲವತ್ತು ನಗ ಮಾತ್ರ, ಅವು ಪಾಸಾದರೆ ಮುಂದಿನ ಮಾತು.

ಪಿನ್ನು ಮಾಡಿದವರು ನಮ್ಮ ಹಿರಿಯ ಟರ್ನರ್. ಎಲ್ಲರಿಗೂ ಅವರು ಕಾಕಾ. ಲೇತಿನ ಸದ್ದು ಕೇಳಿಯೇ ಟೂಲು ಮೊಂಡಾಗಿದೆ ಎಂದು ಹೇಳಬಲ್ಲವರು. ನನ್ನ 'ಇಲ್ಲ' ಕೇಳಿಸಿಕೊಳ್ಳದೆ ದಾಟುತ್ತಿದ್ದುದು ಅವರ ಕೆಲಸ ಒಂದೇ. ನಲವತ್ತಕ್ಕೆ ನಲವತ್ತೂ ಅಳತೆಗೆ ಸರಿ ಬಂದವು.

ಖಾನಾಪುರದ ಮನೆಗೆ ಹೋಗಿ ಇದನ್ನು ಅವ್ವನಿಗೆ ಹೇಳಿದೆ. ನಮ್ಮದು ಕುರಿ, ಹೊಲ ನಂಬಿಕೊಂಡು ಬಂದ ಮನೆತನ. ಸಂಬಳದ ಕೆಲಸ ಹಿಡಿದವಳು ನಾನೇ ಮೊದಲು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಏನಂದಿ? ರೊಕ್ಕಾ ಕೊಟ್ಟು ಮ್ಯಾಲ ಹೋಗ್ತಾರ?"

"ಹೂಂ ಬೇ. ಭಾಳ ರೊಕ್ಕಾ."

"ನಮ್ಮ ಕಡೆ ಎಲ್ಲಾರೂ ಪುಕ್ಕಟ ಹೋಗ್ತಾರಲ್ಲ."

ನಮ್ಮಲ್ಲಿ 'ಮೇಲೆ ಹೋದ' ಎಂದರೆ ಮುಗಿಯಿತು, ಇನ್ನು ಮೂರನೆಯ ದಿನದ ಕಾರ್ಯದ್ದೇ ಯೋಚನೆ. ನಾನು ನಕ್ಕೆ, ಅವ್ವ ನಗಲಿಲ್ಲ. ಮನೆಯಿಂದ ಹೊರಡುವಾಗ ನಾನು ಬಾಯಿ ತಪ್ಪಿ 'ಹೋಗ್ತೀನಿ' ಅಂದರೂ ಸಾಕು, 'ಹೋಗಿ ಬರ್ತೀನಿ' ಅನ್ನಿಸಿಯೇ ಹೊಸ್ತಿಲು ದಾಟಲು ಬಿಡುವಾಕೆ ಅವಳು. ಆ ಒಂದು ಮಾತಿಗಾಗಿ ನಾನು ಬಸ್ಸು ತಪ್ಪಿಸಿಕೊಂಡದ್ದೂ ಉಂಟು.

"ಮಕ್ಕಳು ಮರಿ ಇದ್ದವ್ರೂ ಇರ್ತಾರ ಅದರಾಗ," ಎಂದಳು. "ನೀ ಬರೇ ಅಳತಿ ನೋಡಿ ಕಳಸ್ತಿಯೇನು? ಹೋಗಿ ಬರ್ರಿ ಅಂತ ಅವರಿಗೆ ಅನ್ನವರು ಯಾರು?"

ಮರುದಿನ ನನ್ನ ಊಟದ ಡಬ್ಬಿಯ ಚೀಲದಲ್ಲಿ ಮನೆದೇವರ ಕುಂಕುಮದ ಪೊಟ್ಟಣವಿತ್ತು.

ಬೆರಳಿನ ಗುರುತು ಬಿದ್ದರೂ ನಗ ವಾಪಸ್ ಕಳಿಸುವ ಇಲ್ಲಾಬಾಯಿ ಅಂದು ಏನು ಮಾಡಿದಳು? ಎಲ್ಲರೂ ಚಹಾಕ್ಕೆ ಹೋಗಿದ್ದಾಗ, ಪ್ಯಾಕಿಂಗಿಗೆಂದು ಎಣ್ಣೆ ಸವರಿ ಇಟ್ಟಿದ್ದ ನಲವತ್ತೂ ಪಿನ್ನುಗಳಿಗೆ ಒಂದೊಂದು ಬೊಟ್ಟು ಇಟ್ಟಳು. ಯಾರಿಗೂ ಕೇಳದಂತೆ 'ಹೋಗಿ ಬರ್ರಿ' ಎಂದಳು. ಆಮೇಲೆ ಬಟ್ಟೆ ತೆಗೆದುಕೊಂಡು ಒರೆಸಿದಳು. ಪಿನ್ನುಗಳ ಮೈಯೆಲ್ಲ ಒರೆಸಿದಳು, ತೂತಿನ ಒಳಗೆ ಮಾತ್ರ ನೋಡಲಿಲ್ಲ.

ಒಂದು ತಿಂಗಳಿಗೆ ಎರಡು ಪಿನ್ನುಗಳು ಕೊರಿಯರಿನಲ್ಲಿ ತಿರುಗಿ ಬಂದವು, ಜೊತೆಗೊಂದು ಫಾರ್ಮು. ತೂತಿನೊಳಗೆ ಕೆಂಪು ಕಲೆ ಇದೆ, ತುಕ್ಕಿರಬಹುದೆಂಬ ಸಂಶಯವಿದೆ, ನಲವತ್ತರ ಇಡೀ ಲಾಟನ್ನು ತಡೆಹಿಡಿದಿದ್ದೇವೆ, ಕಾರಣ ಬರೆದು ಕಳಿಸಿ.

ಮಾಲಕರು ಕಾಕಾ ಅವರನ್ನೂ ನನ್ನನ್ನೂ ಕರೆಸಿದರು. "ಕಾಕಾ, ತೂತು ಕೊರಿಯೂವಾಗ ಬಿಟ್ಟ ನೀರು ನೀವು ಸ್ವಚ್ಛ ಒರಸಿಲ್ಲ. ತುಕ್ಕು ಬಂದೈತಿ ನೋಡ್ರಿ."

ಕಾಕಾ ಪಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಒರಸಿದ್ನಿರಿ," ಎಂದರು. ಇನ್ನೊಮ್ಮೆ ಹಿಡಿದು ನೋಡಿ ದನಿ ತಗ್ಗಿಸಿದರು. "ಖರೇ ಅಂದ್ರ ಕಣ್ಣೂ ಮದಲಿನಂಗ ಇಲ್ರಿ ಈಗ. ನಂದ ತಪ್ಪಿರಬೇಕು. ಈ ಕೆಲಸ ಬ್ಯಾರೆಯವರ ಕೈಯಾಗ ಕೊಡ್ರಿ."

ಮೂವತ್ತು ವರ್ಷ ಲೇತಿನ ಮುಂದೆ ನಿಂತ ಮನುಷ್ಯ ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದರು. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಬಿಡದಿದ್ದರೆ ಅವರ ಹೆಸರು ಹೋಗುತ್ತದೆ.

"ತುಕ್ಕಲ್ರಿ ಸಾಹೇಬ್ರ. ಕುಂಕುಮ ಐತ್ರಿ ಅದು. ನಾನ ಹಚ್ಚೀನಿ."

ಮಾಲಕರು ಕೈಯಲ್ಲಿದ್ದ ಫಾರ್ಮನ್ನು ಮೇಜಿನ ಮೇಲಿಟ್ಟರು. "ನೀವ? ಇಲ್ಲಾಬಾಯಿ?" ಆ ಹೆಸರು ಅವರಿಗೂ ಗೊತ್ತಿದೆಯೆಂದು ನನಗೆ ತಿಳಿದದ್ದೇ ಅಂದು. ಆಮೇಲೆ ಅವರೇ ಒಂದು ಉಪಾಯ ಹೇಳಿದರು. "ಕುಂಕುಮ ಅಂತ ಬರದ್ರ ನಗ್ತಾರ. ಗುರುತಿನ ಶಾಯಿ ಅಂತ ಬರೀರಿ."

"ಸುಳ್ಳು ಬರದು ಸಹಿ ಮಾಡೂದಿಲ್ರಿ," ಎಂದೆ. ತಪ್ಪು ಮಾಡಿ ಸಿಕ್ಕಿಬಿದ್ದವಳಿಗೆ ಅಷ್ಟು ಗತ್ತು ಎಲ್ಲಿಂದ ಬಂತೋ.

"ಹಂಗಾರ ನಿಮಗ ತಿಳದಂಗ ಬರೀರಿ. ಆರ್ಡರ್ ಹೋತಂದ್ರ ನೀವೂ ಬರಬ್ಯಾಡ್ರಿ," ಎಂದು ಫಾರ್ಮನ್ನು ನನ್ನತ್ತ ತಳ್ಳಿದರು.

ಫಾರ್ಮಿನಲ್ಲಿ ಎರಡು ಖಾನೆಗಳಿದ್ದವು. ಮೊದಲನೆಯದು, ತಪ್ಪಿನ ಮೂಲ ಕಾರಣ. ನನ್ನ ಹರಕು ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದು ಹರಿದು, ಕೊನೆಗೆ ಹೀಗೆ ಬರೆದೆ: ಇದು ಅರಿಸಿನದಿಂದ ಮಾಡುವ ಕೆಂಪು ಪುಡಿ, ನಾನೇ ಹಚ್ಚಿದ್ದು, ಟರ್ನರರ ತಪ್ಪಿಲ್ಲ. ಮೂಲ ಕಾರಣ, ಈ ಬೆಲ್ಟು ಕಟ್ಟಿಕೊಂಡು ಮೇಲೆ ಹೋದವರು ತಿರುಗಿ ಮನೆಗೆ ಬರಲಿ ಎಂಬ ಆಸೆ. ಎರಡನೆಯ ಖಾನೆ, ಮುಂದೆ ಹೀಗಾಗದಂತೆ ಏನು ಮಾಡುವಿರಿ. ಇನ್ನು ಮುಂದೆ ಪೆಟ್ಟಿಗೆಯ ಹೊರಗೆ ಮಾತ್ರ ಹಚ್ಚಲಾಗುವುದು, ಎಂದು ಬರೆದೆ. ಹಚ್ಚುವುದೇ ಇಲ್ಲ ಎಂದು ಬರೆಯಲು ಕೈ ಬರಲಿಲ್ಲ.

ತಿರುಗಿ ಬಂದ ಎರಡು ಪಿನ್ನುಗಳನ್ನೂ ಫಾರ್ಮಿನ ಜೊತೆ ಮತ್ತೆ ಕೊರಿಯರಿಗೆ ಹಾಕಿದೆವು. ಹನ್ನೊಂದು ದಿನ ಉತ್ತರವಿಲ್ಲ. ಕಾಕಾ ನನ್ನೊಡನೆ ಆ ವಿಷಯವೇ ಎತ್ತಲಿಲ್ಲ. ಆದರೆ ಚಹಾ ಬಂದಾಗ ನನ್ನ ಕಪ್ಪನ್ನು ತಾವೇ ತಂದು ಟೇಬಲ್ಲಿನ ಮೇಲಿಡುತ್ತಿದ್ದರು. ಒಮ್ಮೆ ಮಾತ್ರ, "ನೌಕರಿ ಹೋದ್ರ ಏನ್ ಮಾಡ್ತಿ ತಂಗಿ?" ಎಂದು ಕೇಳಿದರು. ಕುರಿ ಕಾಯುತ್ತೇನೆ ಎಂದೆ. ಖರೇ ಹೇಳುತ್ತೇನೆ, ಆ ಮಾತಿನಲ್ಲಿದ್ದಷ್ಟು ಧೈರ್ಯ ನನ್ನೊಳಗಿರಲಿಲ್ಲ.

ಹನ್ನೆರಡನೆಯ ದಿನ ಫ್ಯಾಕ್ಸ್ ಬಂತು. ಅವರು ಪಿನ್ನುಗಳನ್ನು ತೊಳೆದು, ಒಂದೊಂದನ್ನೂ ಅಳೆದು ನೋಡಿದ್ದರು. ತುಕ್ಕಿಲ್ಲ, ನಲವತ್ತೂ ಪಾಸು, ಕಾರಣ ಒಪ್ಪಿದ್ದೇವೆ, ಮುಂದಿನ ಲಾಟು ಕಳಿಸಿ. ಎಲ್ಲಕ್ಕೂ ಕೆಳಗೆ ಕೈಬರಹದಲ್ಲಿ ಒಂದು ಸಾಲು: ಪೆಟ್ಟಿಗೆಯ ಹೊರಗೆ ಹಚ್ಚುವುದನ್ನು ಮರೆಯಬೇಡಿ.

ಕಾಕಾ ಅದನ್ನು ನನ್ನಿಂದ ಎರಡು ಸಲ ಓದಿಸಿದರು. "ನಲವತ್ತಕ್ಕ ನಲವತ್ತೂ?" ಎಂದು ಕೇಳಿ, ಅಂಗಿಯ ತೋಳು ಮಡಚಿಕೊಳ್ಳುತ್ತ ಲೇತಿನ ಕಡೆ ನಡೆದರು. ಅವರ ನಡಿಗೆ ನೋಡಿ ನನ್ನ ಎದೆ ತುಂಬಿ ಬಂತು. ನನಗೇ ಯಾರಾದರೂ ಹಾರ ಹಾಕಿದ್ದರೂ ಅಷ್ಟು ಹೆಮ್ಮೆ ಆಗುತ್ತಿರಲಿಲ್ಲ.

ಮತ್ತೆ ಮೂರು ಪೆಟ್ಟಿಗೆ ಹೋದ ಮೇಲೆ ಆ ಆರ್ಡರು ನಿಂತುಹೋಯಿತು. ಗಾಡಿ ಹಾರಿತೋ, ಕಂಪನಿಯೇ ಮುಳುಗಿತೋ, ಇಂದಿಗೂ ಗೊತ್ತಿಲ್ಲ. ಮೂರೂ ಪೆಟ್ಟಿಗೆಗಳ ಮೇಲೆ ಕುಂಕುಮವಿತ್ತು, ಒಳಗಿನ ಒಂದು ಪಿನ್ನೂ ತಿರುಗಿ ಬರಲಿಲ್ಲ. ನನಗೆ ಅಷ್ಟು ಸಾಕು.

ಫ್ಯಾಕ್ಸ್ ಬಂದ ಸಂಜೆ ಮನೆಗೆ ಹೋಗಿ ಆ ಕೈಬರಹದ ಸಾಲನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ಬರದಾಂವ ದೊಡ್ಡ ಸಾಹೇಬನೇನು?" ಎಂದಳು.

"ಅಲ್ಲ ಬೇ. ನನ್ನಂಗ ಅಳತಿ ನೋಡಾಂವ ಇರಬೇಕು."

ಅವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು.

"ಹಂಗಾರ ಅವನ ಮನ್ಯಾಗೂ ಅವ್ವ ಅದಾಳ," ಎಂದಳು.