ಪಕ್ಕದ ಮನೆ ಅಂಕಲ್‌ಗೆ ಹೇಳಿಕೊಟ್ಟ ಬಾಯಿಪಾಠ

ಕಳೆದ ತಿಂಗಳು ಸ್ಯಾಂಡಿಫರ್ಡ್‌ನ ಆಫೀಸಿನಿಂದ ಮನೆಗೆ ಬರುವಾಗ, ಲುವಾಸ್ ಟ್ರಾಮಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕೂತಳು. ಎಲ್ಲೋ ಓಡಿ ಬಂದಿದ್ದಳೆಂದು ಕಾಣುತ್ತದೆ, ಶೂ ತುಂಬ ಕೆಸರು. ಮೊಣಕಾಲಿಗೆ ಬಳಿದುಕೊಂಡಿದ್ದ ನೋವಿನ ಮುಲಾಮಿನ ಘಾಟು ಕಣ್ಣಲ್ಲಿ ನೀರು ತರಿಸುವಷ್ಟಿತ್ತು. ಎದುರಿಗಿದ್ದವರು ಮೂಗು ಮುರಿದು ಮುಖ ತಿರುಗಿಸಿದರು. ನಾನು ಮಾತ್ರ ಉಸಿರೆಳೆದುಕೊಳ್ಳುತ್ತಾ ಕೂತಿದ್ದೆ... ನಾವಿರುವ ಟಾಲಾ ಬಡಾವಣೆಯಲ್ಲಿ ನಮ್ಮ ಹಿತ್ತಿಲಿನ ಗೋಡೆಯ ಆಚೆಯಿಂದ ದಿನಾ ಬೆಳಿಗ್ಗೆ ಬರುತ್ತಿದ್ದ ವಾಸನೆ ಅದು. ಅದು ಬಂತೆಂದರೆ ಪಕ್ಕದ ಮನೆ ಅಂಕಲ್ ಎದ್ದಿದ್ದಾರೆ ಎಂದು ಅರ್ಥ.

ಐರ್ಲೆಂಡಿನಲ್ಲಿ ಯಾರೂ ನೆರೆಮನೆಯವರನ್ನು ಅಂಕಲ್ ಎನ್ನುವುದಿಲ್ಲ. ಮೈಸೂರಿನ ನನ್ನ ಬಾಯಿಗೆ ಬೇರೇನೂ ಬರಲಿಲ್ಲ. ಮೊದಲ ಸಲ ಕರೆದಾಗ ಅವರು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ್ದರು. ಅಗಲವಾದ ಆಳು, ಕುತ್ತಿಗೆಯೇ ಇಲ್ಲ, ಸೊಟ್ಟ ಮೂಗು, ಹೂಕೋಸಿನಂತೆ ಮುದುಡಿದ ಕಿವಿಗಳು. ಯಾರೋ ರೌಡಿಯ ಪಕ್ಕ ಬಂದು ಬಿದ್ದೆವು ಎಂದು ನಾನು ಹೆದರಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ನನ್ನ ಗಂಡ ಒಮ್ಮೆ ಕಿಟಕಿಯಿಂದ ನೋಡಿ, "ರೌಡಿ ಅಲ್ಲ ಕಣೇ, ರಗ್ಬಿ ಆಡ್ದೋರು. ಆ ಕಿವಿ ನೋಡಿದ್ರೆ ಗೊತ್ತಾಗುತ್ತೆ" ಎಂದರು. ಅಂಕಲ್ ನನ್ನ ಜೊತೆ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವರ ಮಾತುಗಳು ಕನ್ನಡವಾಗಿ ಕೂತಿವೆ.

ರಗ್ಬಿಯಲ್ಲಿ ಎರಡು ಬಗೆ ಇದೆಯೆಂದು ನನಗೆ ಹೇಳಿದವರು ಅವರೇ. ಇಲ್ಲಿಯವರು ತಲೆಯ ಮೇಲೆ ಹೊತ್ತು ಮೆರೆಸುವುದು ಒಂದು. ಅವರು ಆಡಿದ್ದು ಇನ್ನೊಂದು, ರಗ್ಬಿ ಲೀಗ್ ಎಂಬ ಹದಿಮೂರು ಜನರ ಆಟ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದೇ ಬೀದಿಯ ಗೆಳೆಯನ ಜೊತೆ ಹಡಗು ಹತ್ತಿ ಇಂಗ್ಲೆಂಡಿನ ಉತ್ತರಕ್ಕೆ ಹೋಗಿ, ಸಂಬಳಕ್ಕೆ ಆಡುವ ಆಟಗಾರರಾದರು. ಸಂಬಳ ತೆಗೆದುಕೊಂಡು ಆಡುವುದು ಆಗ ಇಲ್ಲಿ ಮಹಾಪರಾಧವಂತೆ. ರಜೆಗೆ ಬಂದಾಗ, ಚಿಕ್ಕಂದಿನಿಂದ ಆಡಿ ಬೆಳೆದ ಕ್ಲಬ್ಬಿನವರು ಬಾಗಿಲಲ್ಲೇ ತಡೆದು ವಾಪಸು ಕಳಿಸಿದ್ದರಂತೆ. ಆ ಮಾತು ಬಂದಾಗಲೆಲ್ಲ ಅವರು ಗುಲಾಬಿ ಗಿಡದ ಕಡೆ ತಿರುಗಿ ಏನಾದರೂ ಕತ್ತರಿಸುತ್ತಿದ್ದರು.

ಅಲ್ಲಿ ಹನ್ನೆರಡು ವರ್ಷ ಮುಂದಿನ ಸಾಲಿನ ಫಾರ್ವರ್ಡ್. ಕೆಲಸ ಇಷ್ಟೇ: ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಎದುರು ನಿಂತ ಮೂರು ಆಳುಗಳೊಳಗೆ ನೇರ ನುಗ್ಗುವುದು, ಬೀಳುವುದು, ಏಳುವುದು, ಮತ್ತೆ ನುಗ್ಗುವುದು. "ತಪ್ಪಿಸಿಕೊಂಡು ಓಡಬಹುದಲ್ಲ ಅಂಕಲ್?" ಎಂದು ನಾನು ಕೇಳಿದ್ದೆ.

"ಅದಕ್ಕೆ ಬೇರೆಯವರಿದ್ದರು ಕಣಮ್ಮ. ಸಣ್ಣಗೆ, ಚೆನ್ನಾಗಿದ್ದವರು. ಪೇಪರಿನಲ್ಲಿ ಅವರ ಫೋಟೋ ಬರ್ತಿತ್ತು."

ಅವರು ಹೇಳಿದ ಕಥೆಗಳಲ್ಲಿ ಒಂದಕ್ಕೆ ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ. ಯಾರಾದರೂ ತಲೆಗೆ ಪೆಟ್ಟು ತಿಂದು ಬಿದ್ದರೆ ತಂಡದ ಟ್ರೇನರ್ ಬಕೆಟ್ಟು, ಸ್ಪಂಜು ಹಿಡಿದು ಓಡಿ ಬರುತ್ತಿದ್ದನಂತೆ. ತಣ್ಣೀರು ಹಿಂಡಿ ಮೂರು ಪ್ರಶ್ನೆ ಕೇಳುತ್ತಿದ್ದ: ಇವತ್ತು ಯಾವ ವಾರ, ಯಾವ ಊರಿನಲ್ಲಿ ಆಡುತ್ತಿದ್ದೇವೆ, ಸ್ಕೋರ್ ಎಷ್ಟು. ಉತ್ತರ ತಪ್ಪಿದರೆ ಹೊರಗೆ. ಹೊರಗೆ ಹೋದರೆ ಮುಂದಿನ ವಾರ ಆ ಜಾಗದಲ್ಲಿ ಬೇರೊಬ್ಬ. ಅದಕ್ಕೆ, ಟ್ರೇನರ್ ಬರುವಷ್ಟರಲ್ಲಿ ಆ ಗೆಳೆಯ ಎತ್ತುವ ನೆಪದಲ್ಲಿ ಬಗ್ಗಿ, ಇವರ ಕಿವಿಯಲ್ಲಿ ಮೂರಕ್ಕೂ ಉತ್ತರ ಉಸುರಿಬಿಡುತ್ತಿದ್ದ. ಗೆಳೆಯ ಬಿದ್ದಾಗ ಇವರ ಸರದಿ.

"ಎಷ್ಟು ಸಲ ಹಾಗಾಗಿತ್ತು?" ಎಂದರೆ, "ಯಾರಿಗೆ ನೆನಪಿದೆ" ಎಂದು ನಕ್ಕರು. ಪರೀಕ್ಷೆಯಲ್ಲಿ ಪಿಸುಗುಟ್ಟಿ ಹೇಳಿಕೊಡುವುದು ನಮ್ಮ ಹೈಸ್ಕೂಲಿನ ಕಥೆಯೂ ಹೌದಲ್ಲ, ನಾನೂ ನಕ್ಕೆ. ಅದರಲ್ಲಿ ನಗುವಂಥದ್ದು ಏನಿತ್ತೋ, ಈಗ ನನಗೆ ಅರ್ಥವಾಗುವುದಿಲ್ಲ.

ಕೊರೊನಾ ಬರುವುದಕ್ಕೆ ಒಂದು ತಿಂಗಳ ಮುಂಚೆ, ವಾಟರ್‌ಫರ್ಡ್‌ನಲ್ಲಿರುವ ಅಂಕಲ್ ಮಗಳು ಬಂದು ಅವರನ್ನು ನೆನಪಿನ ಶಕ್ತಿ ಪರೀಕ್ಷಿಸುವ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಳು. ಒಲೆ ಆರಿಸುವುದು ಮರೆಯುತ್ತಿದ್ದರು, ಹೇಳಿದ್ದನ್ನೇ ಹೇಳುತ್ತಿದ್ದರು. ಅಲ್ಲಿ ಪಾಸೂ ಅಲ್ಲ, ಫೇಲೂ ಅಲ್ಲ ಎಂಬಂತಾಯಿತು. ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಮುಂದಿನ ಸಲವೂ ಹೀಗಾದರೆ ಕಾರಿನ ಕೀ ಕೊಟ್ಟು ತನ್ನ ಜೊತೆ ಬಂದುಬಿಡಬೇಕು ಎಂದು ಹೇಳಿ ಮಗಳು ಊರಿಗೆ ಹೋದಳು. ಆಮೇಲೆ ಲಾಕ್‌ಡೌನ್ ಆಯಿತು. ಬೇರೆ ಕೌಂಟಿಯಿಂದ, ಎಂದರೆ ಬೇರೆ ಜಿಲ್ಲೆಯಿಂದ, ಬರುವುದಿರಲಿ, ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ನನ್ನ ಗಂಡ ಕೋವಿಡ್ ವಾರ್ಡಿನಿಂದ ಬಂದು ಮಹಡಿಯ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ನಾನು ಬಾಗಿಲ ಮುಂದೆ ತಟ್ಟೆ ಇಟ್ಟು ಇಳಿದು ಬರುತ್ತಿದ್ದೆ. ಮಾತಿಗೆ ಅಂತ ನನಗೆ ಉಳಿದಿದ್ದು ಗೋಡೆಯಾಚೆಯ ಅಂಕಲ್ ಒಬ್ಬರೇ.

ಅವರಿಗೆ ಕಾರು ಬೇಕಿದ್ದದ್ದು ಒಂದೇ ಕೆಲಸಕ್ಕೆ. ಉತ್ತರ ಉಸುರುತ್ತಿದ್ದ ಆ ಗೆಳೆಯ ನಾಲ್ಕು ಕಿಲೋಮೀಟರ್ ದೂರದ ನರ್ಸಿಂಗ್ ಹೋಮಿನಲ್ಲಿದ್ದರು. ಮರೆವಿನ ಕಾಯಿಲೆ ಅವರಿಗೆ ಮೊದಲೇ ಅಮರಿಕೊಂಡು ಎಲ್ಲವನ್ನೂ ಒರೆಸಿಹಾಕಿತ್ತು. ಹೆಂಡತಿ ಮಕ್ಕಳಿಲ್ಲ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಅಂಕಲ್ ಮಂಗಳವಾರ, ಶುಕ್ರವಾರ ಹೋಗಿ ಕಿಟಕಿಯ ಹೊರಗೆ ನಿಂತು ಬರುತ್ತಿದ್ದರು. ಒಂದು ಸಲ ನಾನೂ ಮಾಸ್ಕ್ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಕೂತು ಜೊತೆಗೆ ಹೋದೆ. ದಾರಿಯಲ್ಲಿ ಒಂದೇ ವೃತ್ತವನ್ನು ಅವರು ಎರಡು ಸುತ್ತು ಹಾಕಿದರು. "ನೀನು ಹೂವು ನೋಡಲಿ ಅಂತ ಸುತ್ತಿದೆ" ಎಂದರು. ನಾನು ನಂಬಿದೆ, ಅಥವಾ ನಂಬಿದಂತೆ ಮಾಡಿದೆ.

ಗಾಜಿನ ಆ ಕಡೆ ಕುರ್ಚಿಯಲ್ಲಿ ಒಂದು ದೊಡ್ಡ ದೇಹ ಕುಸಿದು ಕೂತಿತ್ತು. ನರ್ಸ್ ಕಡೆಗೂ ನೋಡುತ್ತಿರಲಿಲ್ಲ, ಟಿವಿಯ ಕಡೆಗೂ ನೋಡುತ್ತಿರಲಿಲ್ಲ. ಅಂಕಲ್ ಗಾಜಿನ ಮೇಲೆ ಎರಡು ಸಲ ಬಡಿದು, ಬಗ್ಗಿ, ತಮ್ಮ ಎಡಭುಜವನ್ನು ಗಾಜಿಗೆ ಆನಿಸಿದರು. ಒಳಗಿನವರು ನಿಧಾನವಾಗಿ ಎದ್ದರು. ಕಿಟಕಿಯ ಹತ್ತಿರ ಬಂದು, ತಲೆ ತಗ್ಗಿಸಿ, ಬಲಭುಜವನ್ನು ಅಲ್ಲಿಗೇ ಒತ್ತಿ ನಿಂತರು. ಮೈದಾನದಲ್ಲಿ ಭುಜಕ್ಕೆ ಭುಜ ಕೊಟ್ಟು ಸಾಲು ಕಟ್ಟಿ ನಿಲ್ಲುತ್ತಿದ್ದ ಕ್ರಮ ಅದು. ಹೆಸರು ಮರೆತಿದ್ದ ಆ ಮನುಷ್ಯನಿಗೆ ಅದೊಂದು ಮರೆತಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದರೋ... ನಾನು ಕಾರಿನೊಳಗೆ ಕೂತು ಅತ್ತುಬಿಟ್ಟೆ.

"ನಾನು ಬರದಿದ್ದರೆ ಅವನ ಕಿಟಕಿಗೆ ಬರೋರು ಯಾರೂ ಇಲ್ಲ" ಎಂದರು ಅಂಕಲ್, ವಾಪಸು ಬರುವಾಗ. ನಾನು ಇನ್ನೂ ಎಲ್ ಬೋರ್ಡಿನವಳು, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎನ್ನುವ ಸ್ಥಿತಿಯಲ್ಲಿರಲಿಲ್ಲ. "ಕ್ಲಿನಿಕ್ಕಿನ ಟೆಸ್ಟಿನಲ್ಲಿ ಏನು ಕೇಳ್ತಾರೆ?" ಎಂದೆ.

ಎಲ್ಲ ಇತ್ತು ಅವರ ಬಳಿ. ಕ್ಲಿನಿಕ್ಕಿನಿಂದ ಹೊರಬಂದ ಕೂಡಲೇ ಹಳೆಯ ಚಾಳಿಯಂತೆ ಪ್ರಶ್ನೆಗಳನ್ನೆಲ್ಲ ಅಂಗೈ ಮೇಲೆ ಬರೆದುಕೊಂಡು, ಮನೆಗೆ ಬಂದು ಚೀಟಿಗೆ ಇಳಿಸಿಟ್ಟಿದ್ದರು. ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು. ತಾರೀಕು, ತಿಂಗಳು, ವಾರ ಹೇಳಬೇಕು. ನನಗೆ ಉತ್ಸಾಹ ಬಂತು ಎನ್ನುವುದಕ್ಕೆ ಈಗ ನಾಚಿಕೆಯಾಗುತ್ತದೆ. ಬಾಯಿಪಾಠದಲ್ಲಿ ನಾನು ಹುಲಿ. ಅರ್ಥವಾಗದ ಎಷ್ಟೋ ವಿಷಯಗಳನ್ನು ಉರುಹೊಡೆದೇ ಇಂಜಿನಿಯರಾದವಳು. ಐದು ಪದಗಳನ್ನು ನಮ್ಮ ಮಗ್ಗಿಯ ಧಾಟಿಗೆ ಕೂರಿಸಿದೆ. ಏಣಿ, ಬೆಣ್ಣೆ, ರಿಬ್ಬನ್, ಕೋಟೆ, ಈರುಳ್ಳಿ... ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹಿತ್ತಿಲಿನ ಉದ್ದಕ್ಕೂ ಓಡಾಡುವರು, ನಾನು ಗೋಡೆಯ ಈಚೆ ತಾಳ ಹಾಕುವೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಬೇಸಿಗೆಯಿಡೀ ನಡೆಯಿತು ಪಾಠ. ಆ ಎರಡು ಸಾಲು ಬಿಟ್ಟರೆ ಉಳಿದದ್ದು ದಿನದಿನಕ್ಕೆ ಸವೆಯುತ್ತಿತ್ತು. ಸೆಪ್ಟೆಂಬರ್ ಹೊತ್ತಿಗೆ ನಾನು ಯಾವ ಊರಿನವಳೆಂದು ಅವರು ಮೂರನೇ ಸಲ ಕೇಳಿದ್ದರು.

ನನ್ನ ಕೆಲಸವೇ ಸಾಫ್ಟ್‌ವೇರ್ ಟೆಸ್ಟಿಂಗ್. ಟೆಸ್ಟ್ ಏನೆಂದು ತಿಳಿದುಕೊಂಡು ಅದಕ್ಕೆ ತಕ್ಕಂತೆ ಪ್ರೋಗ್ರಾಮ್ ಬರೆದು ಪಾಸು ಮಾಡಿಸುವವರ ಮೇಲೆ ನಾನು ಆಫೀಸಿನಲ್ಲಿ ಕೆಂಡ ಕಾರುತ್ತಿದ್ದೆ. ಹಾಗೆ ಪಾಸಾದರೆ ಒಳಗಿನ ಕೊಳೆತ ಯಾರಿಗೂ ಕಾಣುವುದಿಲ್ಲ ಎಂದು ಮೀಟಿಂಗಿನಲ್ಲಿ ಭಾಷಣ ಬಿಗಿದವಳು ನಾನು. ಗಂಡನಿಗೆ ಹೇಳಬಹುದಿತ್ತು. ಬೇಡವೆನ್ನುತ್ತಾರೆಂದು ಗೊತ್ತಿದ್ದೇ ಹೇಳಲಿಲ್ಲ.

ನವೆಂಬರಿನಲ್ಲಿ ಕ್ಲಿನಿಕ್ಕಿನವರು ಫೋನಿನಲ್ಲೇ ಟೆಸ್ಟ್ ಮಾಡಿದರು. ಅಂಕಲ್ ಫೋನನ್ನು ಸ್ಪೀಕರಿಗೆ ಹಾಕಿ ಗೋಡೆಯ ಮೇಲಿಟ್ಟರು. ನಾನು ಈಚೆ ನಿಂತಿದ್ದೆ. ಅದೇ ಐದು ಪದಗಳು ಬಂದವು. ಒಂದಕ್ಕೂ ತಡವರಿಸಲಿಲ್ಲ. ಏಳೇಳು ಕಳೆಯುವುದನ್ನು ಕೇಳಿ ನರ್ಸ್ ಮೆಚ್ಚಿ ನಕ್ಕಳು. ಆಮೇಲೆ, ಇವತ್ತು ಯಾವ ವಾರ ಎಂದಳು. ಬೆಳಿಗ್ಗೆ ತಾನೆ ಹೇಳಿಕೊಟ್ಟಿದ್ದೆ. ಅವರ ಮುಖ ಬರಿದಾಗಿ ಹೋಯಿತು. ನನ್ನ ಕಡೆ ನೋಡಿದರು. ಆ ನೋಟದಲ್ಲಿ ಭಯವಿತ್ತು, ಅಷ್ಟು ದೊಡ್ಡ ಆಳಿನ ಕಣ್ಣಲ್ಲಿ ಅಂಥ ಭಯ ನಾನು ನೋಡಿರಲಿಲ್ಲ. ಕೈಯಲ್ಲಿದ್ದ ಲಕೋಟೆಯ ಹಿಂದೆ ಗುರುವಾರ ಎಂದು ದೊಡ್ಡದಾಗಿ ಬರೆದು ಎತ್ತಿ ಹಿಡಿದೆ. "ಗುರುವಾರ" ಎಂದರು ಅಂಕಲ್.

ಕ್ಲಿನಿಕ್ಕಿನವರು ಹಿಂದಿನ ಸಲಕ್ಕಿಂತ ಚೆನ್ನಾಗಿದ್ದಾರೆ ಎಂದು ಬರೆದರು. ಕಾರಿನ ಕೀ ಉಳಿಯಿತು. ಆ ಸಂಜೆ ಅವರು ಗೋಡೆಯ ಮೇಲೆ ನನಗಾಗಿ ಒಂದು ಬಟ್ಟಲು ಟ್ರೈಫಲ್, ಕೇಕು ಕಸ್ಟರ್ಡಿನ ಸಿಹಿ, ಇಟ್ಟಿದ್ದರು. ನಾನು ಖುಷಿಯಾಗಿ ತಿಂದೆ. ಕ್ರಿಸ್‌ಮಸ್ ಹೊತ್ತಿಗೆ ಕೌಂಟಿ ದಾಟಲು ಬಿಟ್ಟರು. ಮಗಳು ಬರಲಿಲ್ಲ. ಅಪ್ಪ ಆರಾಮಾಗಿದ್ದಾರಲ್ಲ, ಸೋಂಕು ತಂದು ಹಚ್ಚುವುದು ಬೇಡ, ಲಸಿಕೆಯಾದ ಮೇಲೆ ಬರುತ್ತೇನೆ ಎಂದಳಂತೆ. ಅವಳು ಹೇಳಿದ್ದನ್ನು ಅಂಕಲ್ ನನಗೆ ಅದೇ ದಿನ ನಾಲ್ಕು ಸಲ ಹೇಳಿದರು.

ಜನವರಿಯ ಅಲೆಯಲ್ಲಿ ಗೆಳೆಯ ತೀರಿಕೊಂಡರು. ಫೋನ್ ಬಂದಾಗ ಅಂಕಲ್ ಹಿತ್ತಿಲಿನಲ್ಲಿ ನಿಂತೇ ಕೇಳಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂಬತ್ತು ದಿನದ ಮೇಲೆ, ಒಂದು ಶುಕ್ರವಾರ, ನರ್ಸಿಂಗ್ ಹೋಮಿನವರು ನನಗೆ ಫೋನ್ ಮಾಡಿದರು. ನನ್ನ ನಂಬರನ್ನು ಅಂಕಲ್ ಮೊದಲೇ ಅಲ್ಲಿ ಕೊಟ್ಟಿದ್ದರು. ಬಸ್ಸು ಹಿಡಿದು ಹೋದೆ. ಅಂಕಲ್ ಕೋಟಿಲ್ಲದೆ, ಭುಜ ಗಾಜಿಗೆ ಒತ್ತಿ ನಿಂತಿದ್ದರು. ಆ ಕೋಣೆಗೆ ಆಗಲೇ ಬೇರೊಬ್ಬ ಅಜ್ಜಿ ಬಂದಿದ್ದರು, ಹೆದರಿ ಅಳುತ್ತಿದ್ದರು.

"ಅವನನ್ನ ಎಲ್ಲಿಗೆ ಕಳಿಸಿದರು?" ಎಂದು ಅಂಕಲ್ ನನ್ನನ್ನು ಕೇಳಿದರು.

"ಅಂಕಲ್, ಅವರು ತೀರಿಕೊಂಡು ಒಂಬತ್ತು ದಿನ ಆಯ್ತು" ಎಂದೆ. ಅದೇ ಮೊದಲು ಕೇಳಿದವರಂತೆ ಅವರ ಮುಖ ಕುಸಿದು ಹೋಯಿತು. ಕಾರಿನ ಹತ್ತಿರ ಬರುವಷ್ಟರಲ್ಲಿ ಮತ್ತೆ ಕೇಳಿದರು. ಮತ್ತೆ ಹೇಳಿದೆ, ಮತ್ತೆ ಅದೇ ಆಘಾತ. ಮೂರನೇ ಸಲ ನನ್ನ ಕೈಲಾಗಲಿಲ್ಲ. ಊಟಕ್ಕೆ ಹೋಗಿದ್ದಾರೆ ಎಂದುಬಿಟ್ಟೆ.

ಮಾರನೇ ದಿನ ಮಗಳು ವಾಟರ್‌ಫರ್ಡ್‌ನಿಂದ ಓಡಿ ಬಂದಳು. ಅಂಕಲ್ ಬಾಗಿಲು ತೆರೆದು, ಬಹಳ ಮರ್ಯಾದೆಯಿಂದ, "ನರ್ಸಾ? ಬನ್ನಿ, ಒಳಗೆ ಬನ್ನಿ" ಎಂದದ್ದು ನನಗೆ ಗೋಡೆಯಾಚೆ ಕೇಳಿಸಿತು. ಅವಳು ಹೊಸಿಲ ಮೇಲೇ ಕೂತುಬಿಟ್ಟಳು. ಆ ದಿನ ನಾನು ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, ಮಾಸ್ಕಿನ ಗೆರೆ ಬಿದ್ದ ಮುಖ ಉಜ್ಜಿಕೊಂಡು, "ಕಾಯಿಲೆ ಬರೋದನ್ನ ನಾವು ತಡೆಯೋಕಾಗ್ತಿರ್ಲಿಲ್ಲ ಕಣೇ. ಆದ್ರೆ ಬರ್ತಾ ಇದೆ ಅಂತ ಅವ್ರ ಮಗಳಿಗೆ ಗೊತ್ತಾಗ್ಬೇಕಿತ್ತು" ಎಂದರು.

ಅಂಕಲ್ ವಾಟರ್‌ಫರ್ಡ್‌ನಲ್ಲಿ ಇನ್ನೂ ಎರಡು ವರ್ಷ ಬದುಕಿದ್ದರು. ಮಗಳನ್ನು ಕೊನೆಯವರೆಗೂ ಗುರುತಿಸಲಿಲ್ಲ. ಅವಳು ಊಟ ಮಾಡಿಸಿದಾಗ ಥ್ಯಾಂಕ್ಸ್ ನರ್ಸ್ ಎನ್ನುತ್ತಿದ್ದರಂತೆ.

ಮೊನ್ನೆ ಶನಿವಾರ ಅವಳು ಇಲ್ಲಿಗೆ ಬಂದಿದ್ದಳು. ಮನೆ ಮಾರಾಟವಾಯಿತು, ಹೊಸಬರು ಮುಂದಿನ ವಾರ ಬರುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದಳು. ಈ ಸಲ ಹೇಳಿಯೇ ಬಿಡಬೇಕೆಂದು ನಾನು ಬೆಳಿಗ್ಗೆಯಿಂದ ಮಾತು ಜೋಡಿಸಿಕೊಂಡಿದ್ದೆ. ಹೊರಡುವ ಮುಂಚೆ ಅವಳೇ ಶುರು ಮಾಡಿದಳು.

"ಆ ಕ್ರಿಸ್‌ಮಸ್‌ಗೆ ನಾನು ಬರಬಹುದಿತ್ತು. ನವೆಂಬರಿನ ಟೆಸ್ಟ್ ಅಷ್ಟು ಚೆನ್ನಾಗಿತ್ತಲ್ಲ, ಇನ್ನೂ ಟೈಮ್ ಇದೆ ಅಂದುಕೊಂಡೆ. ಅದೊಂದೇ ಸಮಾಧಾನ ನನಗೆ, ಅಲ್ಲಿವರೆಗಾದರೂ ಅಪ್ಪ ಅಪ್ಪನಾಗೇ ಇದ್ದರು ಅಂತ. ದಿನಾ ನೋಡ್ತಿದ್ದವರು ನೀವು. ನವೆಂಬರಿನಲ್ಲಿ ಸರಿಯಾಗಿದ್ದರು, ಅಲ್ವಾ?"

"ಹೌದು" ಎಂದೆ. ಇಲ್ಲಿಯವರು ಆರಾಮ ಎನ್ನುವುದಕ್ಕೆ ಹೇಳುವಂತೆ, "ಗ್ರ್ಯಾಂಡ್ ಆಗಿದ್ದರು."

ಅವಳು ಕಪ್ಪನ್ನು ಕೆಳಗಿಟ್ಟು, ನನ್ನ ಎರಡೂ ಕೈ ಹಿಡಿದುಕೊಂಡು, ಅಪ್ಪನನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದಕ್ಕೆ ಥ್ಯಾಂಕ್ಸ್ ಹೇಳಿದಳು.