ಮೊದಲ ಚಮಚ ಹದಕ್ಕನದು

ನಮ್ಮ ಹದಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಆಡತೊಡಗಿದ್ದು ವಿಮಾನ ಇಳಿದ ಮಾರನೆಯ ಬೆಳಿಗ್ಗೆಯಿಂದ. ಶಾಲಾ ಬಸ್ ಓಡಿಸುವವಳು ನಾನು; ಆದರೆ ಆ ಪರದೇಶದ ಹಿಮದ ಬೀದಿಗಳಲ್ಲಿ ನನ್ನನ್ನೂ ಜೊತೆಗೆ ಬಂದ ಗೆಳತಿ ನರ್ಸಮ್ಮನನ್ನೂ ಓಡಿಸಿದವಳು ಅವಳು. ಒಂದು ತಿಂಡಿ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು, ಕೈಗವಸು ಕಿತ್ತು ಒಂದು ಚಮಚ ಬಾಯಿಗಿಡುತ್ತಿದ್ದಳು, ಅರೆಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಮುಖ ಸಪ್ಪೆ ಮಾಡಿಕೊಂಡು, "ನಡೀರಿ, ಇದಲ್ಲ, ಮುಂದೆ ನೋಡೋಣ" ಎಂದು ಹೊರಟೇಬಿಡುತ್ತಿದ್ದಳು. ನಮ್ಮ ಕೈಯಲ್ಲಿದ್ದ ಬಿಸಿ ಬನ್ನು ಅರ್ಧಕ್ಕೇ ಉಳಿಯುತ್ತಿತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೆ ಹೊಟ್ಟೆ ಬೇರೆ ತಾಳ ಹಾಕುತ್ತಿತ್ತು.

ಗುಟ್ಟು ಮುಚ್ಚಿಟ್ಟು ಕತೆ ಹೇಳುವ ತಾಳ್ಮೆ ನನಗಿಲ್ಲ. ಮಕ್ಕಳು ಸ್ಟಾಪಿನಲ್ಲಿ ಕಾಯಿಸಿದರೇ ನನಗೆ ಸಿಟ್ಟು ನೆತ್ತಿಗೇರುತ್ತದೆ, ಇನ್ನು ಓದುವವರನ್ನು ನಾನೇಕೆ ಕಾಯಿಸಲಿ? ನಮಗೆ ಆಮೇಲೆ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಪ್ರವಾಸಕ್ಕೆ ಕೆಲವು ವಾರ ಮುಂಚೆ ಬಂದ ಜ್ವರದಲ್ಲಿ ಹದಕ್ಕನ ಮೂಗೂ ನಾಲಿಗೆಯೂ ಒಟ್ಟಿಗೇ ಕೈಕೊಟ್ಟಿದ್ದವು. ಜ್ವರ ಬಿಟ್ಟರೂ ವಾಸನೆ ಬರಲಿಲ್ಲ, ರುಚಿ ಬರಲಿಲ್ಲ. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಬೇರೆ ಯಾರಿಗಾದರೂ ಆಗಿದ್ದರೆ ಡಾಕ್ಟರಿಗೆ ತೋರಿಸಿ, ನಾಲ್ಕು ಜನರ ಹತ್ತಿರ ಗೋಳಾಡಿ ಸುಮ್ಮನಾಗುತ್ತಿದ್ದರು. ಆದರೆ ಹದಕ್ಕ ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯ ಹಿರಿಯ ಅಡುಗೆಯವಳು. ಅಲ್ಲೊಂದು ಕಟ್ಟುನಿಟ್ಟು ಉಂಟು. ರೋಗಿಗಳ ಊಟದ ಪಾತ್ರೆಗಳನ್ನು ಸಾಲಾಗಿ ಇಟ್ಟು, ಮುಚ್ಚಳ ತೆಗೆದು, ಎಲ್ಲರೂ ಸುಮ್ಮನೆ ನಿಲ್ಲಬೇಕು. ಹಿರಿಯ ಅಡುಗೆಯವಳು ಒಂದೊಂದರಿಂದಲೂ ಒಂದು ಚಮಚ ಬಾಯಿಗೆ ಹಾಕಿಕೊಂಡು "ಹದ" ಎನ್ನಬೇಕು. ಅವಳು ಹಾಗೆ ಹೇಳುವ ತನಕ ಯಾವ ಪಾತ್ರೆಯೂ ಲಿಫ್ಟ್ ಹತ್ತುವುದಿಲ್ಲ. ಆ ಮಾತು ಹೇಳಿ ಹೇಳಿ ಅವಳ ಹೆಸರೇ ಹದಕ್ಕ ಆಯಿತು. ಅವಳ ಗಂಡನೂ ಹಾಗೇ ಕರೆಯುತ್ತಾನೆ, ಹೆಂಡತಿಯನ್ನು ಅಕ್ಕ ಎಂದು ಕರೆಯುವ ಗಂಡಸು ಎಂದು ನಾವು ಅವನನ್ನು ಗೋಳು ಹುಯ್ದುಕೊಂಡಿದ್ದೂ ಉಂಟು.

ನಾಲಿಗೆ ಸತ್ತ ಮೇಲೂ ಅವಳು ದಿನಾ ಪಾತ್ರೆಗಳ ಮುಂದೆ ನಿಂತು "ಹದ" ಎಂದಿದ್ದಳು. ಎಷ್ಟೋ ವರ್ಷದ ಕೈ ಅಳತೆ ಇತ್ತಲ್ಲ, ದಿನ ಕಳೆದವು. ರಜೆಯಲ್ಲಿ ಹೊಸ ಊರು, ಹೊಸ ತಿನಿಸು, ಮೂಗು ಕೊರೆಯುವ ಗಾಳಿ; ಎಲ್ಲಾದರೂ ಒಂದು ತುತ್ತಿನಲ್ಲಿ ರುಚಿ ಥಟ್ಟನೆ ಮರಳೀತು ಎಂಬ ಆಸೆ ಹೊತ್ತು ಬಂದಿದ್ದಳು. ಅವಳು ಹುಡುಕುತ್ತಿದ್ದುದು ತಿಂಡಿಯನ್ನಲ್ಲ, ತನ್ನ ನಾಲಿಗೆಯನ್ನು. ಬರಿಗೈಯಲ್ಲಿ ಹಿಂದಿರುಗಿದರೆ ಮತ್ತೆ ಆ ಪಾತ್ರೆಗಳ ಮುಂದೆ ನಿಂತು ಸುಳ್ಳು ಹೇಳಬೇಕಿತ್ತು. ಇಲ್ಲವೇ ತನ್ನ ಬದುಕನ್ನೇ ಕಟ್ಟಿಕೊಟ್ಟ ಕೆಲಸ ಬಿಡಬೇಕಿತ್ತು.

ಇದೊಂದೂ ತಿಳಿಯದೆ ನಾನು ಒಳಗೊಳಗೇ ಕುದಿಯುತ್ತಿದ್ದೆ. ಮೂವರೂ ಒಂದೇ ಕಟ್ಟಡದವರು. ಎಷ್ಟು ಸಂಜೆ ಮೆಟ್ಟಿಲ ಮೇಲೆ ಕೂತು ಈ ಪ್ರವಾಸದ ಕನಸು ಕಂಡಿದ್ದೆವು! ಹಳೇ ಗೋಪುರ ಹತ್ತಬೇಕು, ಹೆಪ್ಪುಗಟ್ಟಿದ ನದಿ ನೋಡಬೇಕು, ಕೂತು ಉಣ್ಣಬೇಕು. ಗೋಪುರವನ್ನೇನೋ ಹತ್ತಿದೆವು. ತುದಿ ಮುಟ್ಟಿ ನಾನು ಉಸಿರು ಬಿಡುವುದರೊಳಗೆ ಹದಕ್ಕ ಕೆಳಗಿನ ಸಂತೆಯ ಹೊಗೆ ತೋರಿಸಿ, "ಅಲ್ಲೇನೋ ಹುರೀತಿದಾರೆ, ಬನ್ನಿ ಬನ್ನಿ" ಎಂದು ಇಳಿಯತೊಡಗಿದ್ದಳು.

"ಈ ಹೆಂಗಸಿಗೆ ಏನು ಹೊಟ್ಟೆನೋ ಕಣಜನೋ?" ಎಂದೆ ನಾನು.

"ತಿನ್ನೋದೆಲ್ಲಿ? ಮೂಸಿ ಮೂಸಿ ಬಿಡ್ತಿದಾಳೆ," ಎಂದಳು ನರ್ಸಮ್ಮ. ಅವಳು ಹದಕ್ಕನ ಆಸ್ಪತ್ರೆಯಲ್ಲೇ ಕಿಡ್ನಿ ರೋಗಿಗಳ ವಾರ್ಡಿನ ನರ್ಸು. ಯಾರನ್ನು ನೋಡಿದರೂ ನಾಡಿ ಹಿಡಿದವಳಂತೆ ನೋಡುತ್ತಾಳೆ.

ಸಂತೆಯಲ್ಲಿ ಹದಕ್ಕ ಸಾಸಿವೆಯ ಗಟ್ಟಿ ಗೊಜ್ಜನ್ನು ಚಮಚದ ತುಂಬ ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟಳು. ಅಂಗಡಿಯ ಮುದುಕ ಹೌಹಾರಿದ. ಅವಳ ಕಣ್ಣು ಮೂಗುಗಳಲ್ಲಿ ನೀರು ಕಿತ್ತುಕೊಂಡು ಬಂತು. "ಬಂತು ಕಣ್ರೇ, ಬಂತು!" ಎಂದು ನನ್ನ ತೋಳು ಹಿಡಿದು ಕುಣಿದಳು. ತಕ್ಷಣ ಪಕ್ಕದ ಅಂಗಡಿಯಿಂದ ಚೀಸಿನ ತುಂಡೊಂದನ್ನು ಬಾಯಿಗಿಟ್ಟು ಅಗಿದಳು. ಅಗಿಯುತ್ತಾ ಅಗಿಯುತ್ತಾ ಅವಳ ಮುಖ ಇಳಿದುಹೋಯಿತು. ಬಂದದ್ದು ಬರೀ ಉರಿ, ರುಚಿಯಲ್ಲ. ನಮಗದು ಎಲ್ಲಿ ಅರ್ಥವಾಗಬೇಕು? ಪರದೇಶದಲ್ಲಿ ಮಾನ ಹೋಯಿತಲ್ಲ ಎಂದು ನಾನು ಮುಖ ತಿರುಗಿಸಿ ನಿಂತೆ.

ಬಣ್ಣ ಬಯಲಾದದ್ದು ಬಂದರಿನ ಹತ್ತಿರದ ಪುಟ್ಟ ಹೋಟೆಲಿನಲ್ಲಿ. ಕಾಲು ಸೋತು, ನಾನು ಇನ್ನು ಒಂದು ಹೆಜ್ಜೆಯೂ ಇಡುವುದಿಲ್ಲ ಎಂದು ಹಟ ಹಿಡಿದು ಎಲ್ಲರನ್ನೂ ಒಳಗೆ ಕೂರಿಸಿದ್ದೆ. ಮೂರು ಬಟ್ಟಲು ಮೀನಿನ ಸೂಪು ಬಂತು, ಆವಿ ಏಳುತ್ತಿತ್ತು. ನಮ್ಮಲ್ಲೊಂದು ರೂಢಿ: ಎಲ್ಲೇ ಊಟಕ್ಕೆ ಕೂತರೂ ಮೊದಲ ಚಮಚ ಹದಕ್ಕನದು. ಅವಳು ಏನು ಹೇಳುತ್ತಾಳೋ ಹಾಗೆ ಉಪ್ಪು ಹುಳಿ ಸರಿಮಾಡಿಕೊಂಡು ನಾವು ಶುರುಮಾಡುವುದು. ಯಾರೂ ಕೂತು ಮಾಡಿದ ನಿಯಮವಲ್ಲ, ಹಾಗೇ ಬೆಳೆದುಬಂದದ್ದು.

ಹದಕ್ಕ ಚಮಚ ಬಾಯಿಗಿಟ್ಟಳು. ನಾವಿಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದೆವು.

"ಉಪ್ಪು ಸ್ವಲ್ಪ ಮುಂದಿರಬೇಕಿತ್ತು," ಎಂದಳು.

ನಾನು ಉಪ್ಪು ಉದುರಿಸಿಕೊಂಡೆ, ಡಬ್ಬಿಯನ್ನು ನರ್ಸಮ್ಮನಿಗೆ ದಾಟಿಸಿದೆ. ಅವಳೂ ಉದುರಿಸಿಕೊಂಡಳು. ಮೊದಲ ಗುಟುಕಿಗೇ ನನ್ನ ಜೀವ ಬಾಯಿಗೆ ಬಂತು. ಅದು ಉಪ್ಪಿನಲ್ಲಿ ಒಣಗಿಸಿದ ಮೀನಿನ ಸೂಪು, ಮೊದಲೇ ಉಪ್ಪುಪ್ಪು. ಈಗಂತೂ ಸಮುದ್ರವೇ ಬಟ್ಟಲಿಗಿಳಿದಿತ್ತು. ಆದರೂ ಇನ್ನೊಂದು ಚಮಚ ತುಂಬಿಕೊಂಡೆ. ಹದಕ್ಕ ಹೇಳಿದ್ದಾಳೆ ಅಂದ ಮೇಲೆ ನನ್ನ ನಾಲಿಗೆಯೇ ಕೆಟ್ಟಿರಬೇಕು ಎಂದುಕೊಂಡೆ! ಓರೆಗಣ್ಣಿನಲ್ಲಿ ನೋಡಿದರೆ ನರ್ಸಮ್ಮನೂ ಉಗುಳಲಾರದೆ ನುಂಗಲಾರದೆ ನೀರಿನ ಲೋಟಕ್ಕೆ ಕೈಚಾಚುತ್ತಿದ್ದಾಳೆ. ಬುದ್ಧಿ ಬಲಿತ ಇಬ್ಬರು ಹೆಂಗಸರು, ಒಬ್ಬಳ ಮಾತಿನ ಮೇಲಿನ ನಂಬಿಕೆಗೆ ಕಟ್ಟುಬಿದ್ದು ಬಟ್ಟಲು ಅರ್ಧ ಮಾಡಿದೆವು.

ಅಷ್ಟರಲ್ಲಿ ನಮ್ಮ ಪರದಾಟವನ್ನೂ ಮುಂದಿದ್ದ ಉಪ್ಪಿನ ಡಬ್ಬಿಯನ್ನೂ ಹೋಟೆಲಿನವನು ದೂರದಿಂದ ಕಂಡ. ಓಡಿಬಂದು ಉಪ್ಪಿನ ಡಬ್ಬಿಯ ಮೇಲೆ ಕೈಯಿಟ್ಟು, ತಲೆ ಅಲ್ಲಾಡಿಸಿ, ತನ್ನ ಗಂಟಲು ಹಿಡಿದು ನೀರಡಿಕೆಯ ನಟನೆ ಮಾಡಿ ತೋರಿಸಿದ. ಭಾಷೆ ಬಾರದಿದ್ದರೂ ಹೇಳಿದ್ದು ತಿಳಿಯಿತು. ನನಗೆ ನಗು ತಡೆಯಲಾಗಲಿಲ್ಲ. ಹದಕ್ಕ ನಗಲಿಲ್ಲ. ನನ್ನ ಮುಖ, ನರ್ಸಮ್ಮನ ಮುಖ, ಅವನ ಮುಖ ನೋಡಿದಳು. ಕೋಟನ್ನೂ ತೆಗೆದುಕೊಳ್ಳದೆ ಹೊರಗೆ ಹೋದಳು.

ನರ್ಸಮ್ಮ ಹಿಂದೆಯೇ ಹೋದಳು. ನಾನು ಕೋಟು ಹಿಡಿದು ಓಡಿದೆ.

"ಯಾವಾಗಿಂದ?" ನರ್ಸಮ್ಮ ಕೇಳುತ್ತಿದ್ದಳು.

"ಆ ಜ್ವರ ಬಂದಾಗಿಂದ."

"ನಮ್ಮ ವಾರ್ಡಿನ ಪಾತ್ರೆನೂ ನೀನೇ ನೋಡಿ ಕಳಿಸಿದ್ಯಾ?"

"ಕೈ ಅಳತೆ ತಪ್ಪಿಲ್ಲ ಕಣೇ. ಒಂದು ಚಿಟಿಕೆನೂ ತಪ್ಪಿಲ್ಲ."

"ಈಗ ತಪ್ಪಿತಲ್ಲ! ನಮ್ಮ ರೋಗಿಗಳಿಗೆ ಉಪ್ಪು ಹೆಚ್ಚಾದ್ರೆ ಏನಾಗುತ್ತೆ ಅಂತ ನಿನಗೆ ನಾನು ಹೇಳ್ಬೇಕಾ? ಊರಿಗೆ ಹೋದ ತಕ್ಷಣ ನೀನೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

"ಚಳಿಯಲ್ಲಿ ನಡುಗ್ತಿರೋಳಿಗೆ ಈಗಲೇ ಕೋರ್ಟು ನಡೆಸಬೇಕಾ?" ಎಂದು ನಾನು ಮೇಲೆ ಬಿದ್ದೆ. ನರ್ಸಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆಮೇಲಿನ ಪ್ರವಾಸ ದೇವರಿಗೇ ಪ್ರೀತಿ. ಚಿತ್ರಶಾಲೆಯಲ್ಲಿ ಮೂವರೂ ಮೂರು ಕೋಣೆಯಲ್ಲಿ ಸುತ್ತಿದೆವು. ಹದಕ್ಕ ಬೆಂಚಿನ ಮೇಲೆ ಕೂರುವಳು, ಏಳುವಳು, ಕಿಟಕಿಗೆ ಹೋಗುವಳು, ಫೋನ್ ತೆಗೆದು ನೋಡಿ ಮತ್ತೆ ಜೇಬಿಗಿಡುವಳು. ರಾತ್ರಿ ಮಗ್ಗುಲು ಬದಲಿಸುವ ಸದ್ದಿಗೆ ನನಗೂ ನಿದ್ದೆಯಿಲ್ಲ.

ಹೊರಡುವ ದಿನ ಮಧ್ಯಾಹ್ನ ನಿಲ್ದಾಣದ ಎದುರಿನ ಊಟದ ಮನೆಗೆ ಅವಳೇ ಕರೆದುಕೊಂಡು ಹೋದಳು. ಗೆಡ್ಡೆ, ಮಾಂಸ, ಒಣಗಿದ ಹಣ್ಣು ಹಾಕಿ ನಿಧಾನವಾಗಿ ಬೇಯಿಸಿದ್ದೇನೋ ಮಣ್ಣಿನ ಮಡಕೆಯಲ್ಲಿ ಬಂತು. ನಾವು ಚಮಚ ಮುಟ್ಟಲಿಲ್ಲ. ಹದಕ್ಕ ಮಡಕೆಯನ್ನು ಪಕ್ಕಕ್ಕೆ ಸರಿಸಿ, ಫೋನ್ ತೆಗೆದು, ಆಸ್ಪತ್ರೆಯ ಅಡುಗೆಮನೆಗೆ ಕರೆಮಾಡಿದಳು. ತನ್ನ ಕೈಕೆಳಗಿನ ಎರಡನೇ ಅಡುಗೆಯವಳ ಧ್ವನಿ ನಮಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಪಾತ್ರೆ ನೋಡಿ ಹದ ಅಂತ ಯಾರು ಹೇಳ್ತಿದೀರಿ?"

"ನಾನು ನೋಡ್ತಿದೀನಿ ಅಕ್ಕಾ. ಆದ್ರೆ ಹಾಗೆ ಹೇಳ್ತಿಲ್ಲ. ಅದು ನಿಮ್ಮ ಮಾತಲ್ವಾ? ಸರಿ, ಕಳಿಸಿ ಅಂತೀನಿ, ಅಷ್ಟೇ."

"ಇನ್ಮೇಲೆ ನೀನೇ ಹೇಳು. ನನ್ನ ನಾಲಿಗೆ ಹೋಗಿದೆ. ಬರುತ್ತೋ ಇಲ್ವೋ ಗೊತ್ತಿಲ್ಲ. ಊರಿಗೆ ಬಂದ ತಕ್ಷಣ ಆಫೀಸಿಗೂ ಹೇಳ್ತೀನಿ, ನಿನಗೆ ಮೊದಲು ಹೇಳ್ಬೇಕು ಅನ್ನಿಸ್ತು."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. ಆಮೇಲೆ, "ಅಕ್ಕಾ, ನೀವು ಕೆಲಸಕ್ಕೆ ಬರಲ್ವಾ?"

"ಇಟ್ಕೊಂಡ್ರೆ ಬರ್ತೀನಿ. ತರಕಾರಿ ಹೆಚ್ಚೋಕೆ ಹಾಕಿದ್ರೂ ಬರ್ತೀನಿ. ನಿನಗೆ ನನಗೆ ಕೆಲಸ ಹೇಳೋಕೆ ಸಂಕೋಚ ಆಗ್ಬಾರ್ದು, ಅಷ್ಟೇ."

ಫೋನ್ ಇಟ್ಟು ಅವಳು ಅತ್ತಳು. ಸುತ್ತಲಿನ ಮೇಜಿನವರು ನೋಡಿದರು, ನೋಡಲಿ. ನರ್ಸಮ್ಮ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೆ ಬಂದು ಕೂತಳು. ಆಫೀಸಿಗೆ ತಾನೂ ಜೊತೆಗೆ ಬರುವುದಾಗಿ, ಆ ಕಾಯಿಲೆಯ ಡಾಕ್ಟರಿಗೂ ತಾನೇ ತೋರಿಸುವುದಾಗಿ ಹೇಳಿದಳು.

ಹದಕ್ಕ ಕಣ್ಣೊರೆಸಿಕೊಂಡು ಮಡಕೆಯನ್ನು ನನ್ನ ಮುಂದಕ್ಕೆ ತಳ್ಳಿದಳು. "ನೀನು ತಿಂದು ಹೇಳು, ಹೇಗಿದೆ?"

ನಾನು ತಿಂದೆ. "ಚೆನ್ನಾಗಿದೆ," ಎಂದೆ.

"ಚೆನ್ನಾಗಿದೆ ಅಂದ್ರೆ? ಬಾಯಲ್ಲಿ ಮೊದಲು ಏನು ಬಂತು? ಆಮೇಲೆ ಏನು?"

ಇಷ್ಟು ವರ್ಷ ನನ್ನ ರುಚಿಯನ್ನೂ ಅವಳಿಗೇ ಒಪ್ಪಿಸಿ ಆರಾಮಾಗಿದ್ದವಳು ನಾನು. ಮತ್ತೊಂದು ತುತ್ತು ಅಗಿದು, ತಡವರಿಸಿ ಹೇಳಿದೆ: ಮೊದಲು ಸಿಹಿ, ಹಣ್ಣಿನದು. ಹಿಂದೆಯೇ ಉಪ್ಪು. ಆಮೇಲೆ ತಳ ಸ್ವಲ್ಪ ಹಿಡಿದ ಹಾಗೆ ಒಂದು ಕಮ್ಮನೆಯ ಕಹಿ. ಹುಳಿ ಇಲ್ಲ, ನರ್ಸಮ್ಮನ ಪ್ರಕಾರ ಇದೆ. ನಾವಿಬ್ಬರೂ ಹುಳಿಗಾಗಿ ಜಗಳವಾಡಿದೆವು. ಹದಕ್ಕ ಕಣ್ಣು ಮುಚ್ಚಿ ನಮ್ಮ ಜಗಳ ಕೇಳುತ್ತಾ ತಿಂದಳು. ನಾವು ನಿಲ್ಲಿಸಿದರೆ, "ಹೇಳ್ರೇ, ಇನ್ನೂ ಏನಿದೆ?" ಎಂದು ಗದರುತ್ತಿದ್ದಳು. ಇಡೀ ಪ್ರವಾಸದಲ್ಲಿ ಅವಳು ಕೂತ ಜಾಗದಿಂದ ಏಳದೆ ಊಟ ಮುಗಿಸಿದ್ದು ಅದೊಂದೇ ಸಲ.