ಬ್ಯಾಂಕಿನಿಂದ ಬಿಡಿಸಿಕೊಂಡು ಬಂದ ಮೆಕ್ಯಾನಿಕ್

ಬೈತಖೋಲ ಬಂದರಿನ ಬೇಬಿಯಕ್ಕ ಮೊದಲು ಬುಟ್ಟಿ ಹೊತ್ತು ಮೀನು ಮಾರಿದವಳು. ಈಗ ಐಸ್ ಫ್ಯಾಕ್ಟರಿಯ ಒಡತಿ. ಅಲ್ಲಿ ಲೆಕ್ಕ ಬರೆಯುವವಳು ನಾನು. ಎಂಟು ತಿಂಗಳ ನನ್ನ ಮಗಳು ಮೇಜಿನ ಪಕ್ಕದಲ್ಲೇ ಮಲಗುತ್ತಾಳೆ.

ಈ ಜುಲೈಯಲ್ಲಿ ಐಸ್ ಮಾಡುವ ಕಂಪ್ರೆಸರ್ ಕೆಟ್ಟು ನಿಂತಿತು, ಹಳೆಯ ಮೆಕ್ಯಾನಿಕ್ ಕೆಲಸ ಬಿಟ್ಟ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗಿಳಿಯುತ್ತವೆ. ಅಷ್ಟರೊಳಗೆ ಕಂಪ್ರೆಸರ್ ಓಡದಿದ್ದರೆ ಬೋಟಿನವರು ಬೇರೆ ಕಡೆ ಐಸ್ ಗೊತ್ತುಮಾಡಿಕೊಳ್ಳುತ್ತಾರೆ, ಫ್ಯಾಕ್ಟರಿಗೆ ಬೀಗವೇ ಗತಿ. ಅಂಕೋಲೆಯ ಸಂಕೇತ, ಡಿಪ್ಲೊಮಾ ಓದಿದವನು, ಬಂದು ನೋಡಿ ರಿಪೇರಿಯಾಗುತ್ತದೆ ಎಂದ. ಆದರೆ ಅವನ ಕಣ್ಣು ಗೋವಾದ ದೊಡ್ಡ ಸಂಬಳದ ಮೇಲಿತ್ತು.

"ಓದಿನ ಸಾಲ ಅದೆ ಅಕ್ಕಾ. ನಿಮ್ಮ ಸಂಬಳದಲ್ಲಿ ಬ್ಯಾಂಕಿಗೆ ಕಟ್ಟಿದ್ರೆ ನಾ ಎಂತ ತಿನ್ನೂದು, ಐಸಾ?"

ನಮ್ಮ ಬಂದರಿನಲ್ಲಿ ಒಂದು ಪದ್ಧತಿಯಿದೆ. ಬೋಟಿನಲ್ಲಿ ದುಡಿಯುವ ಖಲಾಸಿ ಒಬ್ಬ ಧಣಿಯ ಮುಂಗಡದಲ್ಲಿದ್ದರೆ, ಆ ಮುಂಗಡ ತೀರಿಸಿದ ಇನ್ನೊಬ್ಬ ಧಣಿ ಅವನನ್ನು ತನ್ನ ಬೋಟಿಗೆ ಕರೆದುಕೊಳ್ಳಬಹುದು. ಬೇಬಿಯಕ್ಕ ಮರುದಿನವೇ ತೆಂಗಿನಕಾಯಿ, ವೀಳ್ಯದೆಲೆ, ಇಪ್ಪತ್ತು ಸಾವಿರ ರೂಪಾಯಿ ಹಿಡಿದು, ಸಂಕೇತನನ್ನೂ ಮಗು ಎತ್ತಿಕೊಂಡ ನನ್ನನ್ನೂ ಕಟ್ಟಿಕೊಂಡು ಬ್ಯಾಂಕಿಗೆ ನುಗ್ಗಿದಳು.

"ಸಾಹೇಬ್ರೇ, ಈ ಹುಡ್ಗ ನಿಮ್ಮ ಮುಂಗಡದಲ್ಲಿದ್ದ. ತಕೊಳ್ಳಿ, ಬಿಟ್ಬಿಡಿ ಅವನ್ನ."

ಮ್ಯಾನೇಜರ್ ತೆಂಗಿನಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು. "ನಾವು ಯಾರನ್ನೂ ಹಿಡಿದಿಟ್ಟಿಲ್ಲಮ್ಮಾ. ಸಾಲ ಮೂರು ಲಕ್ಷ ಇದೆ."

"ಮೂರು ಲಕ್ಷವಾ! ಬೋಟು ನಡೆಸೂ ತಾಂಡೇಲನಿಗೂ ಅಷ್ಟು ಕೊಡೂದಿಲ್ಲ. ಒಂದೂವರೆ ಮಾಡಿ."

"ಇಲ್ಲಿ ಚೌಕಾಸಿ ಇಲ್ಲಮ್ಮಾ. ತಿಂಗಳಿಗೆ ಆರು ಸಾವಿರ ಕಂತು."

ಬೇಬಿಯಕ್ಕನ ಮುಖ ಅರಳಿತು. "ಕಂತಲ್ಲಿ ಬಿಡ್ತೀರಿ ಅಂತ ಮೊದ್ಲೇ ಹೇಳೂದಲ್ವಾ?"

"ನನ್ನನ್ನೂ ಒಂದು ಮಾತು ಕೇಳಿ," ಎಂದ ಸಂಕೇತ. "ನಾ ಇರೂ ತನಕ ಕಂತು ನಿಮ್ದು. ಬಿಟ್ಟು ಹೋದ್ರೆ ಕಟ್ಟಿದ್ದು ವಾಪಸ್ ಕೇಳೂ ಹಾಗಿಲ್ಲ."

"ಬೋಟಲ್ಲಿ ಹಂಗಿಲ್ಲ ತಮ್ಮಾ. ನಡುವೆ ಬಿಟ್ರೆ ಮುಂಗಡ ಕಕ್ಕಬೇಕು."

"ಹಾಗಾದ್ರೆ ಗೋವಾ ಬಸ್ಸಿಗೆ ಇನ್ನೂ ಹೊತ್ತದೆ."

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಅವ ಮಾಡಿದ ಕೆಲಸ ನೀವು ವಾಪಸ್ ಕೊಡ್ತೀರಾ?"

ಬೇಬಿಯಕ್ಕ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ, "ಬರಿಯೇ," ಎಂದಳು. ಹಣ ಕಟ್ಟುವ ಚೀಟಿಯ ಹಿಂದೆ ಸಂಕೇತನ ಷರತ್ತನ್ನು ಬರೆದೆ. ಇಬ್ಬರೂ ಸಹಿ ಹಾಕಿದರು. ತೆಂಗಿನಕಾಯಿ ಮ್ಯಾನೇಜರ್ ಕೈಗೆ ಬಂತು, ಬೇಡವೆಂದರೂ.

ಜುಲೈ ಮೂವತ್ತಕ್ಕೆ ಮೊದಲ ಐಸ್ ಇಳಿಯಿತು. ಆಗಸ್ಟಿನಲ್ಲಿ ಕಂತು ಕಟ್ಟಲು ಹೋದಾಗ ಬೇಬಿಯಕ್ಕ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನನ್ನು ಓರೆಗಣ್ಣಿನಿಂದ ನೋಡುತ್ತ ಕೇಳಿದಳು:

"ಸಾಹೇಬ್ರೇ, ಲೆಕ್ಕ ಓದಿದವರೂ ನಿಮ್ಮ ಮುಂಗಡದಲ್ಲಿದ್ದಾರಾ? ಇವಳ ಬಾಯಿ ಜೋರಾಯ್ತು, ಬದಲಿಗೆ ಒಬ್ಬರು ಬೇಕು. ಮಗು ಮಾತ್ರ ನಮ್ಮ ಫ್ಯಾಕ್ಟರಿಯಲ್ಲೇ ಇರ್ಲಿ."